‘ಲೋಕಲ್’ ಎಂಬ ಎರಡೂವರೆ ಅಕ್ಷರ

ಹೋದ ತಿಂಗಳು ಷಡ್ಡಕರ ಜೊತೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿದ್ದೆ. ಅವರ ಕಾರಿಗೆ ಆಯಿಲ್ ಫಿಲ್ಟರ್ ಬೇಕಿತ್ತು. ಅಂಗಡಿಯವನು ಹಳದಿ-ಹಸಿರು ಡಬ್ಬಿಯೊಂದನ್ನು ಮುಂದಿಟ್ಟ: ಮಾನ್ ಫಿಲ್ಟರ್. ಷಡ್ಡಕರು ಅದನ್ನು ಸತ್ತ ಜಿರಲೆಯ ಹಾಗೆ ಎರಡೇ ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟರು. ‘ಲೋಕಲ್ ಬೇಡಪ್ಪಾ, ಕಂಪನಿದೇ ಕೊಡು. ನಾಳೆ ಇಂಜಿನ್ ಸೀಜ್ ಆದ್ರೆ ನೀನು ಕಟ್ಟಿಕೊಡ್ತೀಯಾ?’

1941ರಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗ್‌ನಲ್ಲಿ ಹುಟ್ಟಿ, ಕಾರು ಕಂಪನಿಗಳಿಗೇ ಫಿಲ್ಟರ್ ಒದಗಿಸುವ ಮಾನ್ ಅಂಡ್ ಹಮ್ಮೆಲ್ ನಮ್ಮ ಟೌನ್‌ಹಾಲ್ ಪಕ್ಕದಲ್ಲಿ ‘ಲೋಕಲ್’ ಆಗಿಹೋಯಿತು!

ತೊಂದರೆ ಇರುವುದು ಈ ಪದದಲ್ಲೇ. ಅಂಗಡಿಯಲ್ಲಿ ಸಿಗುವ ಮಾಲು ಮೂರು ಬಗೆ: ಕಾರು ಕಂಪನಿಯ ಹೆಸರಿನ ಡಬ್ಬಿ, ಫಿಲ್ಟರ್ ತಯಾರಕರು ತಮ್ಮದೇ ಹೆಸರಲ್ಲಿ ಮಾರುವ ಡಬ್ಬಿ, ಮತ್ತು ಶುದ್ಧ ನಕಲಿ. ನಮ್ಮ ಬಾಯಲ್ಲಿರುವುದು ಎರಡೇ ಪದ. ಮೊದಲನೆಯದು ‘ಕಂಪನಿದು’, ಉಳಿದೆರಡೂ ‘ಲೋಕಲ್’. ಕಾರು ಕಂಪನಿಗಳು ಸಾಮಾನ್ಯವಾಗಿ ಫಿಲ್ಟರ್ ತಯಾರಿಸುವುದೇ ಇಲ್ಲ. ಬಾಷ್, ಮಾಹ್ಲೆ, ಮಾನ್ ಅಂಡ್ ಹಮ್ಮೆಲ್ ಥರದವರಿಂದ ಕೊಂಡು ತಮ್ಮ ಹೆಸರು ಅಚ್ಚು ಹಾಕಿಸುತ್ತವೆ.

ಹಾಗಾದರೆ ಎಲ್ಲವೂ ಒಂದೇ ಕಾರ್ಖಾನೆಯ ಮಾಲು, ಯಾವುದು ಹಾಕಿದರೇನು ಎನ್ನುವ ಬುದ್ಧಿವಂತರೂ ಇದ್ದಾರೆ. ಅದೂ ತಪ್ಪು. ಒಂದೇ ಬೇಕರಿಯಲ್ಲಿ ಬನ್ನೂ ಆಗುತ್ತದೆ, ರಸ್ಕೂ ಆಗುತ್ತದೆ. ಕಾಗದದ ವಿಸ್ತೀರ್ಣ, ರಬ್ಬರಿನ ಗುಣ, ವಾಲ್ವ್ ತೆರೆಯುವ ಒತ್ತಡ, ಇವೆಲ್ಲ ಆರ್ಡರ್ ಕೊಟ್ಟವರು ಹೇಳಿದಂತೆ.

ಇನ್ನು ಸೀಜ್ ಆಗುವ ಮಾತು. ಇದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಆಯಿಲ್ ನಿಂತುಹೋಗುತ್ತದೆ ಎಂದು ಇವರ ಕಲ್ಪನೆ. ಹಾಗಾಗದಿರಲೆಂದೇ ಬೈಪಾಸ್ ವಾಲ್ವ್ ಇರುವುದು. ಕೆಲವು ಕಾರುಗಳಲ್ಲಿ ಅದು ಫಿಲ್ಟರ್ ಒಳಗೆ, ಕೆಲವದರಲ್ಲಿ ಇಂಜಿನ್ನಿನಲ್ಲೇ. ಕಾಗದದ ಎರಡೂ ಬದಿಯ ಒತ್ತಡದ ವ್ಯತ್ಯಾಸ ಸುಮಾರು 1 ಬಾರ್ ಮುಟ್ಟಿದರೆ (ಕೆಲವು ಇಂಜಿನ್‌ಗಳಲ್ಲಿ ಇನ್ನೂ ಹೆಚ್ಚು) ಅದು ತೆರೆದುಕೊಂಡು, ಸೋಸದ ಆಯಿಲನ್ನೇ ಮುಂದೆ ಬಿಡುತ್ತದೆ. ಕೊಳಕು ಆಯಿಲ್ ವಾಸಿ, ಆಯಿಲ್ಲೇ ಇಲ್ಲದಿದ್ದರೆ ಸಾವು. ಕಳಪೆ ಫಿಲ್ಟರ್ ಇಂಜಿನ್ನನ್ನು ನಿಧಾನವಾಗಿ ಸವೆಸುತ್ತದೆ, ನಿಜ. ಆದರೆ ‘ಹಾಕಿದ ಮೂರನೇ ದಿನ ಸೀಜ್’ ಕಥೆಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಹಾಕಿದ ಕೈಯನ್ನು. ಹಳೇ ಫಿಲ್ಟರಿನ ರಬ್ಬರ್ ರಿಂಗು ಇಂಜಿನ್ನಿಗೇ ಅಂಟಿಕೊಂಡಿರುತ್ತದೆ. ಹುಡುಗ ನೋಡದೆ ಹೊಸದನ್ನು ಅದರ ಮೇಲೇ ಬಿಗಿಯುತ್ತಾನೆ. ಎರಡು ರಿಂಗಿನ ನಡುವೆ ಆಯಿಲ್ ಚಿಮ್ಮಿ, ನಡುರಸ್ತೆಯಲ್ಲಿ ಇಂಜಿನ್ ಒಣಗುತ್ತದೆ. ಬೈಗುಳ ಮಾತ್ರ ಡಬ್ಬಿಯ ಮೇಲಿನ ಹೆಸರಿಗೆ.

ನಿಜವಾದ ವ್ಯತ್ಯಾಸ ಬೇಕಿದ್ದರೆ ಬೆಳಗ್ಗೆ ಮೊದಲ ಸ್ಟಾರ್ಟಿನಲ್ಲಿ ಕಿವಿಗೊಡಿ. ಇಂಜಿನ್ ನಿಂತ ಮೇಲೆ ಫಿಲ್ಟರಿನ ಆಯಿಲ್ ಇಳಿದುಹೋಗದಂತೆ ತಡೆಯಲು ಒಳಗೊಂದು ರಬ್ಬರ್ ಬಿಲ್ಲೆ ಇರುತ್ತದೆ. ಅಗ್ಗದ ಮಾಲಿನಲ್ಲಿ ಅದು ಬೇಗ ಗಡುಸಾಗುತ್ತದೆ. ಫಿಲ್ಟರ್ ಅಡ್ಡಡ್ಡ ಕೂರುವ ಇಂಜಿನ್‌ಗಳಲ್ಲಿ ರಾತ್ರಿಯೆಲ್ಲ ಆಯಿಲ್ ಇಳಿದು, ಬೆಳಗ್ಗೆ ಒಂದೆರಡು ಸೆಕೆಂಡ್ ಕಟಕಟ ಸದ್ದು ಬರುತ್ತದೆ.

ನಕಲಿ ಮಾಡುವವನು ಯಾವ ಡಬ್ಬಿಯನ್ನು ನಕಲು ಮಾಡುತ್ತಾನೆ? ಯಾರೂ ಕೇಳದ ಹೆಸರನ್ನಂತೂ ಅಲ್ಲ. ಜನ ಕಣ್ಣುಮುಚ್ಚಿ ಕೇಳುವ ‘ಕಂಪನಿ’ ಡಬ್ಬಿಯನ್ನೇ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬದನೆಕಾಯಿಯ ತೊಟ್ಟು ತಿರುಗಿಸಿ ನೋಡಿ ಕೊಳ್ಳುವ ನಮ್ಮವರು ಮುದ್ರೆ ಕಂಡರೆ ಸಾಕು, ಕೈಮುಗಿದು ದುಡ್ಡು ಕೊಡುತ್ತಾರೆ. ಮಾವಿನಹಣ್ಣಿಗೆ ಮೂಗು ಬಳಸುವವರು ಮೋಟಾರಿಗೆ ಯಾಕೆ ಕಣ್ಣೂ ಬಳಸುವುದಿಲ್ಲವೋ!

ವಾರಂಟಿ ಹೋಗುತ್ತದೆ ಎಂಬ ಹೆದರಿಕೆಗೆ ಅರ್ಧ ಅರ್ಥವಿದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿದಾಗ, ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಕೂಡದು ಎಂದೂ ಹೇಳಿತ್ತು. ಹೊರಗಿನ ಕೆಲಸದ ದೋಷದಿಂದಾದ ಹಾನಿಯ ಮಟ್ಟಿಗಷ್ಟೇ ನಿರಾಕರಿಸಬಹುದು. ಕಂಪನಿಗಳು ಮೇಲ್ಮನವಿಗೆ ಹೋದವು. ಸಣ್ಣ ಪೆಟ್ರೋಲ್ ಕಾರಿನ ಫಿಲ್ಟರ್ ನೂರಿನ್ನೂರು ರೂಪಾಯಿಯ ಬಾಬತ್ತು. ವಾರಂಟಿ ಇರುವಷ್ಟು ದಿನ ಶೋರೂಮಿನದೇ ಹಾಕಿಸಿ. ಐವತ್ತು ರೂಪಾಯಿ ಉಳಿಸಲು ಆ ಜಗಳ ಯಾಕೆ?

ಆಯಿಲ್ ಕಪ್ಪಾದರೆ ಫಿಲ್ಟರ್ ಸತ್ತಿದೆ ಎನ್ನುವವರಿಗೆ: ಡೀಸೆಲ್ ಮಸಿಯ ಕಣ ಕಾಗದದ ರಂಧ್ರಕ್ಕಿಂತ ಎಷ್ಟೋ ಸಣ್ಣದು. ತೂಕದ ಫಿಲ್ಟರ್ ಒಳ್ಳೆಯದಂತೆ. ತಗಡು ದಪ್ಪವಿದ್ದರೂ ತೂಕ ಬರುತ್ತದೆ. ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರ ಜೊತೆ ನಾನು ಮಾತಾಡುವುದಿಲ್ಲ.

ಷಡ್ಡಕರು ಅಂದು ಮೂರು ಅಂಗಡಿ ದಾಟಿ ‘ಕಂಪನಿ’ ಡಬ್ಬಿಯನ್ನೇ ಕೊಂಡರು, ಅದೂ ಮುದ್ರಿತ ಬೆಲೆಯ ಅರ್ಧಕ್ಕೆ. ಬಿಲ್ ಕೇಳಿ ಎಂದು ನಾನು ಮೊಣಕೈಯಲ್ಲಿ ತಿವಿದೆ.

‘ಬಿಲ್ ಬೇಕು ಅಂದ್ರೆ ರೇಟ್ ಬೇರೆ ಆಗುತ್ತೆ ಸಾರ್,’ ಅಂದ ಅಂಗಡಿಯವನು.

‘ಬಿಲ್ ಏನೂ ಬೇಡ ಬಿಡಪ್ಪಾ,’ ಎಂದರು ಷಡ್ಡಕರು. ‘ಕಂಪನಿದು ತಾನೆ.’