ಒಂದು ಮನೆ, ನಾಲ್ಕು ವಯಸ್ಸು

ಮಂಡ್ಯ ಸೀಮೆಯ ಊರೊಂದರಲ್ಲಿ ಹೆಂಚಿನ ಮನೆ. ಜಗಲಿಯಲ್ಲಿ ಬಿಳಿ ಕೋಟು ತೊಟ್ಟ ನಾಲ್ವರು ನರ್ಸಿಂಗ್ ವಿದ್ಯಾರ್ಥಿನಿಯರು. ಹಾಸಿದ ಪತ್ರಿಕೆಯ ಮೇಲೆ ಬ್ಯಾಗ್ ಇಟ್ಟು, ಸೋಪಿನಿಂದ ಕೈ ತೊಳೆದು ಬಂದಿದ್ದಾರೆ. ಭಾರತೀಯ ಶುಶ್ರೂಷಾ ಪರಿಷತ್ತಿನ 2021ರ ಪಠ್ಯಕ್ರಮ ಆರೋಗ್ಯ ತಪಾಸಣೆಗೆ ಪ್ರತ್ಯೇಕ ಮಾಡ್ಯೂಲನ್ನೇ ಇಟ್ಟಿದೆ. ಕಾಲೇಜಿನ ಲ್ಯಾಬಿನಲ್ಲಿ ಬೊಂಬೆಗಳ ಮೇಲೆ ಕೈ ಪಳಗಿದೆ. ಆದರೆ ಬೊಂಬೆ ಅಳುವುದಿಲ್ಲ, ನಾಚುವುದಿಲ್ಲ, ನೋವು ಮುಚ್ಚಿಡುವುದಿಲ್ಲ.

ಸ್ಟೆತಸ್ಕೋಪ್ ಕಿವಿಗೇರಿಸಹೊರಟವಳನ್ನು ಜೊತೆಗೆ ಬಂದಿದ್ದ ಮೇಡಂ ತಡೆದರು: "ಮೊದಲು ನೋಡು."

ತೊಟ್ಟಿಲಲ್ಲಿ ಇಪ್ಪತ್ತು ದಿನದ ಕೂಸು. ಎಚ್ಚರವಾಗುವ ಮುಂಚೆಯೇ ಉಸಿರು ಎಣಿಸಬೇಕು. ಏರಿಳಿಯುವ ಪುಟ್ಟ ಹೊಟ್ಟೆಯಲ್ಲೇ ಹುಡುಗಿಯ ಕಣ್ಣು. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುವಂತಿಲ್ಲ. ಎಳೆಗೂಸಿನ ಉಸಿರು ಒಮ್ಮೆ ಓಡುತ್ತದೆ, ಒಮ್ಮೆ ಕೆಲವು ಸೆಕೆಂಡು ತಡೆಯುತ್ತದೆ. ಪೂರ್ತಿ ನಿಮಿಷಕ್ಕೆ 44. ದೊಡ್ಡವರಿಗೆ 12ರಿಂದ 20 ಸಹಜ, ಇಲ್ಲಿ 30ರಿಂದ 60. ಬಳಿಕ ಎದೆಬಡಿತ, ಆಮೇಲೆ ನೆತ್ತಿಯ ಮೆತ್ತನೆಯ ಜಾಗ. ಮೈಯಲ್ಲಿ ನೀರು ಕಡಿಮೆಯಾದರೆ ಅದು ಗುಳಿ ಬೀಳುತ್ತದೆ. ಕೂಸನ್ನು ಅಳಿಸುವಂಥದ್ದೆಲ್ಲ ಕೊನೆಗೆ.

ಮೂರು ವರ್ಷದ ಅಕ್ಕ ಅಮ್ಮನ ಸೆರಗು ಬಿಡಳು. ಅವಳ ತಪಾಸಣೆ ಅಮ್ಮನ ಮಡಿಲಲ್ಲೇ ಆಗಬೇಕು. ಸ್ಟೆತಸ್ಕೋಪ್ ಮೊದಲು ಅವಳ ಬಟ್ಟೆಗೊಂಬೆಯ ಎದೆಗೆ ತಾಗಿತು, ಆಮೇಲೆ ಅವಳೆದೆಗೆ. ತೋಳಿಗೆ ಸುತ್ತಿದ ಪಟ್ಟಿ ಹಸಿರು ತೋರಿತು, 12.5 ಸೆಂ.ಮೀ. ದಾಟಿದೆ. 11.5ಕ್ಕಿಂತ ಕಡಿಮೆಯಿದ್ದರೆ ಕೆಂಪು, ತೀವ್ರ ಅಪೌಷ್ಟಿಕತೆ. ಕಿವಿ, ಗಂಟಲು ನೋಡುವ ಹೊತ್ತಿಗೆ ಮಗುವಿನ ಸ್ನೇಹವಾಗಿತ್ತು.

ಒಳಕೋಣೆಯಲ್ಲಿ ಹೆರಿಗೆಗೆ ತವರಿಗೆ ಬಂದ ಮಗಳು, 28 ವಾರದ ಬಸುರಿ. ಬಾಗಿಲು ಮುಚ್ಚಿ, ಒಪ್ಪಿಗೆ ಕೇಳಿ, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡ ಮೇಲೆಯೇ ಹೊಟ್ಟೆ ಮುಟ್ಟಬೇಕು. ಗರ್ಭಕೋಶದ ಎತ್ತರ ಟೇಪಿನಲ್ಲಿ 27 ಸೆಂ.ಮೀ. ಬಂತು. ಈ ಹಂತದಲ್ಲಿ ಸೆಂಟಿಮೀಟರೂ ವಾರವೂ ಹತ್ತಿರಹತ್ತಿರವೇ ಇರಬೇಕು, ಸರಿಯಾಗಿದೆ. ಅಳತೆಯ ಜೊತೆಗೇ ಪ್ರಶ್ನೆಗಳು: ತಲೆನೋವಿದೆಯೇ? ಕಣ್ಣು ಮಂಜಾಗುತ್ತದೆಯೇ? ಮುಖ ಊದಿಕೊಂಡಿದೆಯೇ?

ಕೊನೆಗೆ ಅಜ್ಜಿ. "ನಂಗೇನಾಗದೆ ಮಗಾ, ವಯ್ಸಾಯ್ತು ಅಷ್ಟೇಯ."

"ವಯಸ್ಸು ಕಾಯಿಲೆಯಲ್ಲ. ಕೇಳು," ಎಂದರು ಮೇಡಂ.

ಕೈಯ ಹಿಂಬದಿಯ ಚರ್ಮ ಚಿವುಟಿದರೆ ಹಾಗೇ ನಿಂತಿತು. ಕೂಸಿನಲ್ಲಾದರೆ ಗಾಬರಿಪಡಬೇಕಾದ ಲಕ್ಷಣ. ಅಜ್ಜಿಯಲ್ಲಿ ಬರೀ ಮುಪ್ಪಿನದೂ ಇರಬಹುದು. ಹಾಗಾಗಿ ಎದೆಮೂಳೆಯ ಮೇಲಿನ ಚರ್ಮ, ನಾಲಗೆ ನೋಡಿದರು. ನಾಲಗೆ ತೇವವಿದೆ. ರಾತ್ರಿ ಏಳುತ್ತೀರಾ ಎಂದು ಹುಡುಗಿ ಕೇಳಿದಾಗ ಮಾತು ಹೊರಬಿತ್ತು: "ಎದ್ ನಿಂತ್ರೆ ಕಣ್ಗೆ ಕತ್ಲೆ ಬತ್ತದೆ ಕನವ್ವ."

ಮಲಗಿಸಿ ನೋಡಿದಾಗ ಬಿ.ಪಿ. ಮೇಲಿನ ಅಂಕಿ 142. ನಿಲ್ಲಿಸಿ, ತೋಳು ಹಿಡಿದುಕೊಂಡು, ಮೂರು ನಿಮಿಷದೊಳಗೆ ಮತ್ತೆ ನೋಡಿದರೆ 116. ಇಪ್ಪತ್ತು ಇಳಿದರೇ ಎಚ್ಚರಿಕೆ, ಇಲ್ಲಿ ಇಪ್ಪತ್ತಾರು. ಕೂತಲ್ಲೇ ಒಮ್ಮೆ ನೋಡಿ ಬರೆದಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಕಾಣುತ್ತಿತ್ತು.

ಹುಡುಗಿ ಮಾತ್ರೆಗಳ ಹೆಸರು ಬರೆದುಕೊಂಡಳು. ನಾಳೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತರಲು ಸೊಸೆಗೆ ಹೇಳಿದಳು. ಏಳುವಾಗ ಮಂಚದಂಚಿನಲ್ಲಿ ತುಸು ಕೂತು ಏಳುವುದನ್ನು ಅಜ್ಜಿಯಿಂದಲೇ ಮಾಡಿಸಿದಳು.

ಪಾಠವೆಂದರೆ ಇದೇ. ಇನ್ನೆರಡು ವರ್ಷಕ್ಕೆ ಇವಳು ರಾತ್ರಿಪಾಳಿಯ ವಾರ್ಡಿನಲ್ಲಿ ಒಬ್ಬಳೇ ಇರುತ್ತಾಳೆ. ಮಲಗಿರುವ ಡಾಕ್ಟರನ್ನು ಎಬ್ಬಿಸಬೇಕೋ ಬೇಡವೋ ಎಂಬುದನ್ನು ಅಲ್ಲಿ ತೀರ್ಮಾನಿಸುವುದು ಅವಳ ಕಣ್ಣು, ಅವಳ ಬೆರಳು, ಅವಳು ಕೇಳುವ ಪ್ರಶ್ನೆ.