ರೇಡಿಯೊ ಆಂಪ್ಲಿಫೈಯರ್ ಕೊಳ್ಳುವ ಮುನ್ನ

ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನದ ಕಾಲ ಬಂತೆಂದರೆ ಕೆ.ಜಿ.ಎಫ್., ಬಂಗಾರಪೇಟೆಯ ಮಕ್ಕಳಿಗೆ ವೈರ್‌ಲೆಸ್ ಮೇಲೆ ಎಲ್ಲಿಲ್ಲದ ಪ್ರೀತಿ. ಈಗಂತೂ ವಾಕಿಟಾಕಿ, ಅದರ ಶಕ್ತಿ ಹೆಚ್ಚಿಸುವ ಆಂಪ್ಲಿಫೈಯರ್ ಎಲ್ಲವನ್ನೂ ಮನೆಯಲ್ಲೇ ಕುಳಿತು ತರಿಸಬಹುದು. ಮಕ್ಕಳ ಹಟಕ್ಕೆ ಮಣಿದು ಹಣ ಕಟ್ಟುವ ಮುಂಚೆ ತಂದೆತಾಯಿಗಳು ಪೆಟ್ಟಿಗೆಯ ಮೇಲಿನ ಬರಹವನ್ನು ಸ್ವಲ್ಪ ಓದಿ ನೋಡಬೇಕು.

‘26ರಿಂದ 30 ಮೆಗಾಹರ್ಟ್ಸ್’ ಎಂದು ಬರೆದಿದೆ ಅನ್ನಿ. ಆ ವ್ಯಾಪ್ತಿಯ ಆವೃತ್ತಿಗಳನ್ನು ಅದು ವರ್ಧಿಸಬಲ್ಲದು ಎಂದಷ್ಟೇ ಅದರರ್ಥ. ಅದು ಯಂತ್ರದ ಯೋಗ್ಯತೆ. ಬಳಸುವವರ ಯೋಗ್ಯತೆಯನ್ನು ಹೇಳುವುದು ಲೈಸೆನ್ಸ್. ಇದೇ ವ್ಯಾಪ್ತಿಯಲ್ಲಿ 28ರಿಂದ 29.7ರವರೆಗಿನ ಪಟ್ಟಿ ಲೈಸೆನ್ಸ್ ಪಡೆದ ಹ್ಯಾಮ್ ಹವ್ಯಾಸಿಗಳದ್ದು. 26.957ರಿಂದ 27.283ರವರೆಗಿನದು ಸಿಟಿಜನ್ ಬ್ಯಾಂಡ್. ಇದಕ್ಕೆ 2005ರ ನಿಯಮದಂತೆ ಲೈಸೆನ್ಸ್ ಬೇಕಿಲ್ಲ, ಆದರೆ ಶಕ್ತಿ 5 ವಾಟ್ ಮೀರುವಂತಿಲ್ಲ. ಆಂಪ್ಲಿಫೈಯರ್ ಜೋಡಿಸಿ ಆ ಮಿತಿ ದಾಟಿದರೆ ವಿನಾಯಿತಿ ಅಲ್ಲಿಗೆ ಮುಗಿಯಿತು. ಹ್ಯಾಮ್ ಹೆಸರಿನಲ್ಲಿ ಕೊಂಡು ಸಿಟಿಜನ್ ಬ್ಯಾಂಡಿನಲ್ಲಿ ಅಬ್ಬರಿಸುವವರ ಕಾಟ ತಾಳಲಾರದೆ ಅಮೆರಿಕ 1978ರಲ್ಲಿ 24ರಿಂದ 35 ಮೆಗಾಹರ್ಟ್ಸ್‌ವರೆಗೆ ಕೆಲಸ ಮಾಡಬಲ್ಲ ಆಂಪ್ಲಿಫೈಯರುಗಳ ಮಾರಾಟವನ್ನೇ ನಿಷೇಧಿಸಿತ್ತು.

ನಾಲ್ಕು ವಾಟ್ ಹೆಚ್ಚಾದರೆ ಯಾರ ಗಂಟು ಹೋಯಿತು ಎನ್ನುವ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಲಿ. ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ದುಡಿಸಿದಾಗ ಅಲೆಯ ತಲೆ ಚಪ್ಪಟೆಯಾಗುತ್ತದೆ. ಹಾಗೆ ಚಪ್ಪಟೆಯಾದ ಅಲೆಯಲ್ಲಿ ಮೂಲ ಆವೃತ್ತಿಯ ಎರಡು, ಮೂರು, ನಾಲ್ಕು, ಐದು ಪಟ್ಟಿನ ಆವೃತ್ತಿಗಳೂ ಹುಟ್ಟಿಕೊಳ್ಳುತ್ತವೆ. ಇವೇ ಹಾರ್ಮೋನಿಕ್‌ಗಳು. 27ರ ನಾಲ್ಕು ಪಟ್ಟು 108, ಅಂದರೆ ಎಫ್.ಎಂ. ಬ್ಯಾಂಡಿನ ಕೊನೆಯ ಅಂಚು. ಐದು ಪಟ್ಟು 135. ವಿಮಾನ ಚಾಲಕರು ನಿಯಂತ್ರಣ ಕೇಂದ್ರದೊಡನೆ ಮಾತನಾಡುವುದು 118ರಿಂದ 137ರ ನಡುವೆ! ಒಳ್ಳೆಯ ಆಂಪ್ಲಿಫೈಯರಿನಲ್ಲಿ ಇಂಥವನ್ನು ತಡೆಯಲು ಫಿಲ್ಟರ್ ಇರುತ್ತದೆ. ಬೆಲೆ ಇಳಿಸಬೇಕಾದಾಗ ಮೊದಲು ಮಾಯವಾಗುವುದೂ ಅದೇ.

ವಾಕಿಟಾಕಿಯ ಕಥೆಯೂ ಬೇರೆಯಲ್ಲ. ‘136ರಿಂದ 174’ ಎಂದು ಬರೆದಿದ್ದರೂ ಆ ವ್ಯಾಪ್ತಿಯಲ್ಲಿ ನಮ್ಮ ದೇಶದ ಹ್ಯಾಮ್‌ಗಳಿಗಿರುವುದು 144ರಿಂದ 146 ಮಾತ್ರ. ಇಂಥ ವಿವರಗಳನ್ನೇ ಹೇಳದೆ ವಾಕಿಟಾಕಿ ಮಾರಿದ್ದಕ್ಕಾಗಿ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ 13 ನೋಟಿಸ್ ಕೊಟ್ಟಿತು.

ಅಷ್ಟಕ್ಕೂ ಆಂಪ್ಲಿಫೈಯರ್ ಬೇಕೇ ಬೇಕೆ? ಈ 144ರ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಆಂಟೆನಾ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ಅಲೆ ಎಷ್ಟು ಕಿಲೋಮೀಟರ್ ತಲುಪೀತೆಂಬ ಅಂದಾಜು ಸಿಗುತ್ತದೆ. 10 ಮೀಟರಿಗೆ ಸುಮಾರು 13 ಕಿಲೋಮೀಟರ್. ಎರಡೂ ಕಡೆ ಅಷ್ಟೇ ಎತ್ತರವಿದ್ದರೆ 26. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲುದಾರಿಯೇ ಸುಮಾರು 16 ಕಿಲೋಮೀಟರ್. ಏನೂ ಅಡ್ಡವಿಲ್ಲದಿದ್ದರೆ 5 ವಾಟ್ ಧಾರಾಳ ಸಾಕು. ಅಡ್ಡವಿದ್ದರೆ (ಗಣಿಯ ಸೈನೈಡ್ ದಿಬ್ಬಗಳು ನಮ್ಮಲ್ಲಿ ಕಡಿಮೆಯೇ?) ವಾಟ್ ಸುರಿಯುವುದಕ್ಕಿಂತ ಕಂಬವನ್ನು ಎತ್ತರಿಸುವುದು ಜಾಣತನ. ಶಕ್ತಿಯನ್ನು 10 ಪಟ್ಟು ಹೆಚ್ಚಿಸಿದರೂ ಅಲೆಯ ಎತ್ತರ ಹೆಚ್ಚುವುದು ಮೂರು ಪಟ್ಟು ಮಾತ್ರ.

12 ವರ್ಷ ತುಂಬಿದವರು ಹ್ಯಾಮ್ ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಬೇಕಿಲ್ಲ, ಜನರಲ್ ದರ್ಜೆಗೆ ಬೇಕು. ಜನರಲ್ ದರ್ಜೆಯವರೂ 400 ವಾಟ್ ದಾಟುವಂತಿಲ್ಲ. ಅರ್ಜಿ ಹಾಕುವುದು ಸರಳ ಸಂಚಾರ್ ಪೋರ್ಟಲ್‌ನಲ್ಲಿ. ಪರವಾನಗಿಯಿಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದನ್ನು 1933ರ ಕಾಯ್ದೆಯೇ ಅಪರಾಧವೆಂದಿತ್ತು. 2023ರ ದೂರಸಂಪರ್ಕ ಕಾಯ್ದೆಯಲ್ಲೂ ಅದಕ್ಕೆ ದಂಡವಿದೆ. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಖರೀದಿ. ಹೈಸ್ಕೂಲಿನ ವಿದ್ಯುತ್ ಪಾಠವನ್ನು ಮನಸ್ಸಿಟ್ಟು ಓದಿದ ಹುಡುಗ ಹುಡುಗಿಯರಿಗೆ ಆ ಪರೀಕ್ಷೆಯ ಒಂದಿಷ್ಟು ಭಾಗ ಆಗಲೇ ಗೊತ್ತಿರುತ್ತದೆ.