ಗಾಡಿ ಬೆಳೆಯಿತು, ಮನೆ ಹಾಗೇ ಉಳಿಯಿತು

ರಾಯಲ್ಪಾಡಿನವರು ರೈಲು ಹತ್ತಬೇಕಾದರೆ ಮೊದಲು ಬಸ್ಸು ಹತ್ತಬೇಕು. ಆಂಧ್ರದ ಗಡಿಗೆ ಅಂಟಿಕೊಂಡ ಈ ಹೋಬಳಿಗೆ ಹಳಿ ಬಂದಿಲ್ಲ. ಮದನಪಲ್ಲಿ–ಶ್ರೀನಿವಾಸಪುರ ಮಾರ್ಗ ಸದ್ಯಕ್ಕೆ ಕಡತದಲ್ಲೇ ಓಡಾಡುತ್ತಿದೆ. ತಾಲ್ಲೂಕಿಗೆಲ್ಲ ರೈಲೆಂದರೆ ಶ್ರೀನಿವಾಸಪುರ. ಆ ಹಳಿಯ ಹಿಂದೆ ಒಂದು ನೂರು ವರ್ಷದ ಕಥೆಯಿದೆ.

ಕಥೆ ಶುರುವಾಗುವುದು ಬಂಗಾರಪೇಟೆಯಲ್ಲಿ, ಆಗಿನ ಬೌರಿಂಗ್‌ಪೇಟೆಯಲ್ಲಿ. ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗ್ ಹೆಸರೇ ಊರಿಗೆ ಅಂಟಿತ್ತು. ಮದ್ರಾಸ್ ರೈಲ್ವೆಯ ದೊಡ್ಡ ಗಾಡಿ 1864ರಲ್ಲಿ ಮಾಲೂರಿನ ಮೇಲೆ ಬೆಂಗಳೂರು ದಂಡು ಮುಟ್ಟಿತು. ಜಿಲ್ಲೆಯ ಹೆಸರು ಹೊತ್ತ ಕೋಲಾರ ಪಟ್ಟಣ ಮಾತ್ರ ಪಕ್ಕಕ್ಕೇ ಉಳಿಯಿತು. ಅದಕ್ಕೆ ಬೌರಿಂಗ್‌ಪೇಟೆಯಿಂದ ರೈಲು ಸಿಕ್ಕಿದ್ದು 1913ರಲ್ಲಿ, ಅದೂ ಸಣ್ಣದು: ಹಳಿಯಿಂದ ಹಳಿಗೆ ಎರಡೂವರೆ ಅಡಿ. ಕೋಲಾರ ಡಿಸ್ಟ್ರಿಕ್ಟ್ ರೈಲ್ವೆ ಎಂದು ಅದರ ಹೆಸರು. ಅದೇ ಹಳಿ ಮುಂದೆ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರದ ಕಡೆಗೆ ಬೆಳೆಯಿತು. ಆ ಕಡೆಯಿಂದ ಯಶವಂತಪುರ, ದೇವನಹಳ್ಳಿ ಮಾರ್ಗವಾಗಿ ಹಳಿ ಹಾಸುತ್ತ ಬಂದದ್ದು ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಕಂಪನಿ. ಕಾಲ 1915ರ ಆಸುಪಾಸು. ದಿವಾನರ ಕುರ್ಚಿಯಲ್ಲಿದ್ದವರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ. ಅವರ ಸ್ವಂತ ಊರಿನ ಸೀಮೆಗೇ ಗಾಡಿ ಬಂದಂತಾಯಿತು.

ಸಣ್ಣ ಗಾಡಿಗೆ ಸಣ್ಣ ಸ್ಟೇಷನ್. ಈ ದಾರಿಯ ಹಳೇ ಕಟ್ಟಡಗಳ ರುಚಿ ಇರುವುದೇ ಅಲ್ಲಿ. ಕಮಾನು, ಗೋಪುರ, ಗಡಿಯಾರದ ಆಡಂಬರವಿಲ್ಲ. ನಂದಿಬೆಟ್ಟದ ತಪ್ಪಲಿನ ನಂದಿ ಹಾಲ್ಟ್ ನೋಡಿ: ಕಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚಿನ ಇಳಿಜಾರು ಸೂರು. ಊರ ಪಟೇಲರ ಮನೆಯ ಜಗಲಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇಂಥ ಸ್ಟೇಷನ್ನುಗಳಲ್ಲಿ ಟಿಕೆಟ್ ಎಂದರೆ ಬೆರಳುದ್ದದ ದಪ್ಪ ರಟ್ಟಿನ ತುಂಡು. ಮಾಸ್ತರು ಅದನ್ನು ಕಬ್ಬಿಣದ ಯಂತ್ರದ ಬಾಯಿಗೆ ತೂರಿಸಿ ಎಳೆದರೆ ಅಂಚಿನಲ್ಲಿ ತಾರೀಕು ಕಚ್ಚಿಕೊಳ್ಳುತ್ತಿತ್ತು. ಒಂಟಿ ಹಳಿಯಾದ್ದರಿಂದ ಮುಂದಿನ ಸ್ಟೇಷನ್ನಿನಿಂದ ಹಳಿ ಖಾಲಿ ಇದೆಯೆಂಬ ಒಪ್ಪಿಗೆ, ಅಂದರೆ ಲೈನ್ ಕ್ಲಿಯರ್, ಸಿಗುವ ತನಕ ಗಾಡಿ ಕದಲುವಂತಿಲ್ಲ.

ಹಳಿ ಎರಡು ಅಳತೆಯದಾದರೆ ಕಷ್ಟ ಕೂಲಿಯವರ ಬೆನ್ನಿಗೆ. ಬಂಗಾರಪೇಟೆಯಲ್ಲಿ ಸಣ್ಣ ಗಾಡಿಯ ಮೂಟೆ ಇಳಿಸಿ ದೊಡ್ಡ ಗಾಡಿಗೆ ಏರಿಸಬೇಕಿತ್ತು. ಪ್ರಯಾಣಿಕರೂ ಗಂಟು ಹೊತ್ತು ಗಾಡಿ ಬದಲಿಸಬೇಕಿತ್ತು. ಬ್ರಾಡ್‌ಗೇಜ್ ಬೇಕೆಂಬ ಕೂಗಿಗೆ ಇದೇ ಕಾರಣ. ಯಲಹಂಕದ ಕಡೆಯಿಂದ ಚಿಕ್ಕಬಳ್ಳಾಪುರದವರೆಗೆ, ಬಂಗಾರಪೇಟೆಯ ಕಡೆಯಿಂದ ಕೋಲಾರದವರೆಗೆ 1990ರ ದಶಕದಲ್ಲಿ ಕೆಲಸ ಮುಗಿಯಿತು. ನಡುವಿನ ತುಂಡು, ಅಂದರೆ ನಮ್ಮ ಶ್ರೀನಿವಾಸಪುರದ್ದು, 2013ರ ತನಕ ಕಾಯಿತು. ಅಷ್ಟರಲ್ಲಿ ಕೋಲಾರ–ಬಂಗಾರಪೇಟೆ ನಡುವೆ ಹಳಿಯ ಮೇಲೆ ಬಸ್ಸಿನಂಥ ಒಂದೇ ಡಬ್ಬಿಯ ರೈಲು ಬಸ್ ಓಡಿತು. ಅದನ್ನು ನೋಡಿ ನಗದವರಿಲ್ಲ, ಹತ್ತದವರೂ ಕಡಿಮೆ.

ಗಾಡಿ ದೊಡ್ಡದಾಯಿತು, ಹಳೇ ಕಟ್ಟಡ ಸಣ್ಣದಾಯಿತು. ದೊಡ್ಡ ಗಾಡಿಗೆ ಎತ್ತರದ, ಉದ್ದದ ಪ್ಲಾಟ್‌ಫಾರ್ಮ್ ಬೇಕು. ಹೆಂಚಿನ ಮನೆಯ ನೆಲ ಅದಕ್ಕೆ ಹೊಂದುವುದಿಲ್ಲ. ಕೆಡವುವುದೇ ಸುಲಭ. ಹಾಗಾಗದಂತೆ ನಂದಿ ಹಾಲ್ಟ್, ಆವತಿಹಳ್ಳಿ, ದೇವನಹಳ್ಳಿ, ದೊಡ್ಡಜಾಲದ ಕಟ್ಟಡಗಳನ್ನು ಗುರುತಿಸಿ ಮುಂದೆ ನಿಂತದ್ದು ಪರಂಪರೆಯ ಕಟ್ಟಡಗಳನ್ನು ಕಾಯುವ ಸಂಸ್ಥೆ ಇಂಟ್ಯಾಕ್‌ನ ಬೆಂಗಳೂರು ಶಾಖೆ. ಇಂಥ ಗೋಡೆಯ ರಿಪೇರಿಗೆ ಸಿಮೆಂಟು ಶತ್ರು. ಸುಣ್ಣದ ಗಾರೆ ಉಸಿರಾಡುತ್ತದೆ, ಒಳಗಿನ ಪಸೆಯನ್ನು ಹೊರಕ್ಕೆ ಬಿಡುತ್ತದೆ. ಮೇಲೆ ಸಿಮೆಂಟು ಮೆತ್ತಿದರೆ ಪಸೆ ಒಳಗೇ ನಿಂತು ಗೋಡೆಯನ್ನು ತಿನ್ನುತ್ತದೆ. ಚೆಂದ ಮಾಡಲು ಹೋಗಿ ನಾವು ಕೊಂದ ಹಳೇ ಮನೆಗಳಿಗೆ ಲೆಕ್ಕವಿಲ್ಲ.

ಇದೇ ದಾರಿಯಲ್ಲಿ 2021ರ ಜನವರಿಯಲ್ಲಿ ಒಂದು ಹೊಸ ಹಾಲ್ಟ್ ಸೇರಿತು, ಕೆಂಪೇಗೌಡ ವಿಮಾನ ನಿಲ್ದಾಣದ್ದು. ಅತ್ತ ದೊಡ್ಡಜಾಲ, ಇತ್ತ ದೇವನಹಳ್ಳಿ, ನಡುವೆ ಅದು. ವಿಮಾನ ಹಿಡಿಯುವವರು ಗಾಲಿ ಪೆಟ್ಟಿಗೆ ಎಳೆದುಕೊಂಡು ಇಳಿಯುವ ಮೊದಲು, ಎರಡೂವರೆ ಅಡಿ ಹಳಿಯ ಕಾಲದ ಹೆಂಚಿನ ಸೂರು ಕಿಟಕಿಯಾಚೆ ಒಂದು ಕ್ಷಣ ಹಾದುಹೋಗುತ್ತದೆ.